ಹಿಂದಿನ ಸೀಟಿನಲ್ಲಿ ದೋಣಿಯವನ ಮಗಳು

ಹೌದಪ್ಪಾ, ನನಗೆ ಮರೆವು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ತಡಕಾಡುತ್ತೇನೆ, ಒಪ್ಪಿದೆ. ಹಾಗಂತ ಕಥೆ ಮರೆಯುತ್ತೇನೆ ಅಂದವರ ಕಿವಿ ಹಿಂಡುತ್ತೇನೆ. ಹೋದ ಸಲ ಕಳಿಸಿದ ವಾಯ್ಸ್ ನೋಟ್ ಕೇಳಿ ‘ಅಜ್ಜ ಎಲ್ಲ ಕಲಸುಮೇಲೋಗರ ಮಾಡಿದ್ದಾನೆ, ಗಾಜಿನವನ ಬೈಕು ಕೆಂಪಲ್ಲ, ಕಪ್ಪು’ ಅಂದ ಮಹಾಶಯ ಯಾರು? ಬೈಕು ಕಪ್ಪೇ ಇತ್ತು. ಅವನು ಬಿದ್ದ ಮೇಲೆ ಟ್ಯಾಂಕು ಜಜ್ಜಿಹೋಗಿ ಬೇರೆ ಟ್ಯಾಂಕು ಹಾಕಿಸಿದರು, ಅದು ಕೆಂಪು. ಆಯಿತಾ? ಅವರ ಬಾಗಿಲಿಗೂ ನನ್ನ ಕಿಟಕಿಗೂ ನಡುವೆ ಇರುವುದು ಒಂದು ಓಣಿ. ಅಲ್ಲಿ ಸಾರು ಚೆಲ್ಲಿದರೆ ಇಲ್ಲಿ ನನಗೆ ಗೊತ್ತಾಗುತ್ತದೆ. ಗೊತ್ತಾಗದ್ದನ್ನು ಆ ಮನೆಯ ಸೊಸೆಯೇ ಹೇಳಿದಳು, ನನ್ನ ತೋಳಿನಿಂದ ರಕ್ತ ತೆಗೆಯುವಾಗ. ನಾವು ಸೂಜಿಯ ಕಡೆ ನೋಡದಿರಲಿ ಅಂತ ಅವಳು ಕಥೆ ಹೇಳುತ್ತಾಳೆ. ನಾನು ಬೇಕಂತಲೇ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತೇನೆ. ಈಗ ಬಾಯಿ ಮುಚ್ಚಿಕೊಂಡು ಕೇಳಿ. ನಡುವೆ ಕೆಮ್ಮು ಬಂದರೆ ಕಾಯಿರಿ.

ಆ ಮನೆಯಲ್ಲಿ ನಾಲ್ಕೇ ಜನ. ಮಾವ ಬೀಗದ ಕೆಲಸದವರು. ಪೇಟೆಯ ಮೂಲೆಯಲ್ಲಿ ಒಂದು ಗೂಡಂಗಡಿ, ಕೀಲಿ ಕಳೆದುಕೊಂಡವರೆಲ್ಲ ಮುಖ ಸಣ್ಣ ಮಾಡಿಕೊಂಡು ಅವರ ಮುಂದೆ ನಿಲ್ಲಬೇಕು. ಅತ್ತೆ ದೋಣಿಯವನ ಮಗಳು. ಹೊಳೆಗೆ ಸೇತುವೆ ಬರುವ ಮೊದಲು ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದದ್ದು ಅವರಪ್ಪನೇ. ಮಗ ಕಿಟಕಿಗೆ ಗಾಜು ಕೂರಿಸುವವನು, ಊರಿಗೆಲ್ಲ ‘ಗಾಜಿನವನು’. ಸೊಸೆ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಈ ಕಥೆ ಅವಳದ್ದು.

ಗಾಜಿನವನು ಬಿದ್ದದ್ದು ಸೇತುವೆಗೆ ಹತ್ತುವ ತಿರುವಿನಲ್ಲಿ. ಆಚೆ ದಡದಲ್ಲಿರುವ ದೊಡ್ಡಮ್ಮನ ಮನೆಗೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ. ರಸ್ತೆಯ ಮೇಲೆ ಯಾವುದೋ ಲಾರಿ ಚೆಲ್ಲಿಹೋದ ಮರಳಿತ್ತು. ಅಮ್ಮನಿಗೆ ಮೊಣಕೈ ತರಚಿತು, ಅಷ್ಟೆ. ಅವನ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಬ್ಯಾಂಡೇಜು ಸುತ್ತಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಮಲಗಿದ. ನೋವಿನ ಮಾತ್ರೆಯ ಅಮಲಿಗೆ ಮಧ್ಯಾಹ್ನವೆಲ್ಲ ಅರೆನಿದ್ದೆ. ಕಿಟಕಿಯ ಬಿಸಿಲು ಗೋಡೆಯಿಂದ ಗೋಡೆಗೆ ತೆವಳುವುದನ್ನೇ ನೋಡುತ್ತಿದ್ದ. ನೋಡಲು ಬಂದವರಿಗೆಲ್ಲ ಅತ್ತೆಯೇ ವರದಿ ಒಪ್ಪಿಸುತ್ತಿದ್ದರು.

“ಇವನು ಗಾಡಿ ಓಡಿಸೋದಲ್ಲ, ಹಾರಿಸೋದು. ಇಷ್ಟು ವರ್ಷ ನಾನು ಹಿಂದೆ ಕೂತು ಹಿಡ್ಕೊಂಡಿದ್ದಕ್ಕೆ ಬಚಾವಾಗಿದ್ದ. ಆವತ್ತು ನಾನು ಹಿಡಿದೇ ಹಿಡಿದೆ, ಕೈಮೀರಿ ಹೋಯ್ತು.”

ಮಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಬೈಕು ರಿಪೇರಿಯಾಗಿ ಕೆಂಪು ಟ್ಯಾಂಕು ಹೊತ್ತು ಬಂದ ದಿನವೇ ಮಾವ ಅದರ ಚಕ್ರದೊಳಗೆ ಸರಪಳಿ ತೂರಿಸಿ ಬೀಗ ಜಡಿದರು. ಅವರ ಅಂಗಡಿಯಲ್ಲೇ ಅತ್ಯಂತ ಭಾರದ ಬೀಗ ಅದು. ಗಾಡಿಯ ಕೀಲಿಯನ್ನೂ ಸೊಂಟದ ಗೊಂಚಲಿಗೆ ಸೇರಿಸಿಕೊಂಡರು.

“ಗಿರಾಕಿ ಸಿಕ್ಕ ಕೂಡಲೇ ಮಾರೋದು. ಈ ಮನೇಲಿ ಇನ್ನು ಎರಡು ಚಕ್ರದ ಮಾತೇ ಬೇಡ,” ಅಂದರು.

ಹೀಗಿರುವಾಗ ಲ್ಯಾಬಿನ ಮೇಡಂ ಸೊಸೆಯನ್ನು ಕರೆದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ರಕ್ತ ತರುತ್ತಿದ್ದವನು ಕೆಲಸ ಬಿಟ್ಟಿದ್ದ. “ನಿನ್ನ ಕೈ ಹಗುರ. ಈ ಕೆಲಸ ನಿನಗೇ ಕೊಡಬೇಕು ಅಂತ ಆಸೆ. ಆದ್ರೆ ಗಾಡಿ ಬರಬೇಕು, ಲೈಸೆನ್ಸ್ ಇರಬೇಕು. ಇಲ್ಲಿ ಕೂತು ರಕ್ತ ತೆಗೆಯೋದಕ್ಕೆ ಇನ್ನು ಒಬ್ಬರೇ ಸಾಕು. ಅದಕ್ಕೆ ಹಳಬರು ಇದ್ದಾರೆ. ಮಳೆಗಾಲ ಶುರುವಾಗೋ ಹೊತ್ತಿಗೆ ಕಲಿತು ಬಾ. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ, ಬೇಜಾರ್ ಮಾಡ್ಕೋಬೇಡ.”

ಗಂಡ ಮಂಚದ ಮೇಲೆ, ಈಗ ತನ್ನ ಕೆಲಸವೂ ಹೋದರೆ? ಸೊಸೆ ಆ ಸಂಜೆ ಅನ್ನ ಬಡಿಸುತ್ತಲೇ ಮಾತು ತೆಗೆದಳು.

“ಮಾವ, ನಾನು ಬೈಕ್ ಕಲೀಬೇಕು.”

ಮಾವನ ಕೈ ತಟ್ಟೆಯಲ್ಲೇ ನಿಂತಿತು. “ಏನಂದೆ?”

“ಕಲೀದಿದ್ರೆ ಕೆಲಸ ಹೋಗುತ್ತೆ.”

“ಕಲಿತ್ರೆ ಕಾಲು ಹೋಗುತ್ತೆ. ಕಣ್ಮುಂದೆ ಒಂದು ಮಲಗಿದೆಯಲ್ಲ, ಸಾಲದಾ?”

ಅತ್ತೆ ಒಳಗಿಂದ ಕೂಗಿದರು. “ಇವಳೂ ಮುರ್ಕೊಂಡು ಬಿದ್ರೆ ಇಬ್ಬರಿಗೂ ನಾನೇ ತುತ್ತು ಇಡ್ಬೇಕು. ನನ್ನ ಮಂಡಿಗೆ ಅಷ್ಟು ಶಕ್ತಿ ಇಲ್ಲಮ್ಮ!”

ಮಂಚದ ಮೇಲಿನಿಂದ ಗಾಜಿನವನ ದನಿ ಬಂತು, ಎಷ್ಟೋ ದಿನದ ಮೇಲೆ. “ಅಪ್ಪ, ಬೀಗ ತೆಗೀರಿ. ನಾನು ಕಲಿಸ್ತೀನಿ.”

“ಆಹಾ! ಬಿದ್ದವನೇ ಮೇಷ್ಟ್ರು! ನಿನ್ನ ಬಾಯಿಗೂ ಒಂದು ಬೀಗ ಹಾಕ್ಬೇಕಿತ್ತು ನಾನು.”

ಎರಡು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಸೊಸೆ ಜಗಳ ಮುಂದುವರಿಸಲಿಲ್ಲ. ಬೆಳಗ್ಗೆ ಎದ್ದು ಬೀಗ ಜಡಿದ ಬೈಕನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಒಣ ಬಟ್ಟೆಯಿಂದ ಒರೆಸುವುದು, ಕೆಲಸಕ್ಕೆ ನಡೆದು ಹೋಗುವುದು, ಇಷ್ಟೇ. ಮೂರನೆಯ ಬೆಳಗ್ಗೆ ಮಾವನಿಗೆ ಅದನ್ನು ನೋಡಲಾಗಲಿಲ್ಲ.

“ಹೊಳೆದಂಡೆಯ ಬಯಲಲ್ಲಿ ಮಾತ್ರ,” ಅಂದರು. “ರಸ್ತೆಗೆ ಇಳಿಯೋದು ಇಲ್ಲ. ಕೀಲಿ ನನ್ನ ಹತ್ರಾನೇ ಇರುತ್ತೆ. ಅದು ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೆ.”

“ನೀವು ಹೋದ್ರೆ ನಾನೂ ಬರ್ತೀನಿ,” ಅಂದರು ಅತ್ತೆ. “ಬಿದ್ದಾಗ ಎತ್ತೋರು ಬೇಡ್ವಾ?”

ಹೊಳೆದಂಡೆಯ ಬಯಲು ಅಂದರೆ ಹಿಂದೆ ಅತ್ತೆಯ ಅಪ್ಪ ದೋಣಿ ಕಟ್ಟಿ ನಿಲ್ಲಿಸುತ್ತಿದ್ದ ಜಾಗ. ಸೇತುವೆ ಬಂದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ನೆಲ ತುಳಿದು ತುಳಿದು ಗಟ್ಟಿಯಾಗಿತ್ತು. ಅಂಚಿನಲ್ಲಿ ಹಗ್ಗ ಕಟ್ಟುತ್ತಿದ್ದ ಕಂಬ ಒಂದು ಉಳಿದಿತ್ತು. ಬೆಳಗಿನ ಹೊತ್ತು ಹೊಳೆಯಿಂದ ಮಂಜೆದ್ದು ಬಯಲನ್ನೆಲ್ಲ ಹಾಲಿನಂತೆ ತುಂಬುತ್ತಿತ್ತು. ಆ ಮಂಜಿನೊಳಗೆ ಈ ಮೆರವಣಿಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮುಂದೆ ಗೊಂಚಲು ಝಣಗುಟ್ಟಿಸುತ್ತ ಮಾವ, ಹಿಂದೆ ಬೈಕು ತಳ್ಳಿಕೊಂಡು ಸೊಸೆ, ಅದರ ಹಿಂದೆ ಊರುಗೋಲಿನ ಮೇಲೆ ಕುಪ್ಪಳಿಸುತ್ತ ಗಾಜಿನವನು, ಎಲ್ಲರಿಗಿಂತ ಹಿಂದೆ ಮಡಿಸುವ ಕುರ್ಚಿ ಮತ್ತು ಚಹಾದ ಫ್ಲಾಸ್ಕು ಹಿಡಿದ ಅತ್ತೆ. ಸ್ವಲ್ಪ ದೂರ ಹೋದರೆ ಕಾಲುಗಳು ಕಾಣುತ್ತಿರಲಿಲ್ಲ. ತಲೆಗಳು ಮಾತ್ರ ತೇಲಿಕೊಂಡು ಹೋದಂತೆ.

ಮೊದಲ ವಾರ ಎಂಜಿನ್ನು ಶುರು ಮಾಡಿಸಲೇ ಇಲ್ಲ ಗಾಜಿನವನು. ಕುರ್ಚಿಯಲ್ಲಿ ಕೂತು, ಮುರಿದ ಕಾಲನ್ನು ಕಲ್ಲಿನ ಮೇಲಿಟ್ಟು, “ತಳ್ಳು” ಅಂದ.

“ಎಷ್ಟು ಹೊತ್ತು?”

“ಅದರ ಭಾರ ನಿನಗೆ ಗೊತ್ತಾಗೋವರೆಗೂ.”

“ನನಗೆ ಯಾವತ್ತೋ ಗೊತ್ತಾಯ್ತು ರೀ, ಸೊಂಟ ಬಿತ್ತು!”

“ಸೊಂಟಕ್ಕಲ್ಲ, ಕೈಗೆ ಗೊತ್ತಾಗ್ಬೇಕು. ಎಲ್ಲಿವರೆಗೆ ವಾಲಿದ್ರೆ ನೀನು ಹಿಡೀಬಲ್ಲೆ, ಎಲ್ಲಿಂದಾಚೆ ಹಿಡಿಯೋಕೆ ಆಗಲ್ಲ ಅಂತ.”

ಹೆಲ್ಮೆಟ್ಟಿನ ಪಟ್ಟಿ ಸಡಿಲ ಬಿಟ್ಟರೆ ಬಯ್ಯುತ್ತಿದ್ದ. “ಕಟ್ಟದೇ ಇಟ್ಕೊಂಡ್ರೆ ಅದು ಹೆಲ್ಮೆಟ್ ಅಲ್ಲ, ಕವುಚಿಟ್ಟ ಬೋಗುಣಿ.” ಪಟ್ಟಿ ಬಿಗಿದಾಗ ಹೊರಗಿನ ಸದ್ದೆಲ್ಲ ನೀರಿನೊಳಗಿಂದ ಕೇಳಿದಂತಾಗುತ್ತಿತ್ತು ಅವಳಿಗೆ. ಅತ್ತೆಯ ಗೊಣಗಾಟ, ಹಕ್ಕಿಗಳು, ಎಲ್ಲ ದೂರ. ಉಸಿರೊಂದು ಮಾತ್ರ ಹತ್ತಿರ. ಅದು ಅವಳಿಗೆ ಹಿಡಿಸಿತು. ಮನೆಯಲ್ಲಿ ಅಷ್ಟು ನಿಶ್ಶಬ್ದ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಕ್ಲಚ್ಚಿನ ಪಾಠ ನಡೆದದ್ದು ಅಡುಗೆಮನೆಯಲ್ಲಿ. ಅವನು ಆಲೂಗಡ್ಡೆ ಸುಲಿಯುತ್ತ ಕೂತಿದ್ದವನು ಅವಳ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದ. “ಮಲಗಿದ ಕೂಸು ಬೆರಳು ಹಿಡ್ಕೊಂಡಿದೆ ಅಂದ್ಕೋ. ಏಳದ ಹಾಗೆ ಬಿಡಿಸ್ಕೋ.” ಅವಳು ನಿಧಾನವಾಗಿ, ತೀರಾ ನಿಧಾನವಾಗಿ ಬೆರಳೆಳೆದುಕೊಂಡಳು. “ಅಷ್ಟೇ. ಕ್ಲಚ್ ಅಂದ್ರೆ ಅದೇ.”

“ಕೂಸು ಎದ್ರೆ?”

“ಗಾಡಿ ನೆಗೆಯುತ್ತೆ.”

ಬ್ರೇಕಿಗೆ ಅವಳ ಕೆಲಸದಿಂದಲೇ ಉದಾಹರಣೆ ತೆಗೆದ. “ಸಿರಿಂಜು ಜೋರಾಗಿ ಎಳೆದ್ರೆ ಏನಾಗುತ್ತೆ?”

“ನರ ಅಂಟ್ಕೊಂಡುಬಿಡುತ್ತೆ. ರಕ್ತ ಬರಲ್ಲ.”

“ಇಲ್ಲೂ ಹಂಗೇ. ಚಕ್ರ ಅಂಟ್ಕೊಂಡುಬಿಡುತ್ತೆ. ಗಾಡಿ ನಿಲ್ಲಲ್ಲ, ಜಾರುತ್ತೆ. ಮುಂದಿನದು, ಹಿಂದಿನದು ಎರಡೂ ಹಿಡಿ. ಮೊದಲು ಮೆತ್ತಗೆ, ಆಮೇಲೆ ಗಟ್ಟಿ. ಇನ್ನೊಂದು ಹೇಳು, ಚುಚ್ಚೋವಾಗ ನೀನು ಸೂಜಿ ನೋಡ್ತೀಯಾ, ನರ ನೋಡ್ತೀಯಾ?”

“ನರ.”

“ಗಾಡಿನೂ ಕಣ್ಣು ಹೋದ ಕಡೆ ಹೋಗುತ್ತೆ. ಗುಂಡಿ ನೋಡಿದ್ರೆ ಗುಂಡಿಗೇ. ಹೋಗ್ಬೇಕಾದ ಕಡೆ ನೋಡು.”

ಹೀಗೆ ವಾರಗಳು ಹೋದವು. ಎಂಜಿನ್ನು ಶುರುವಾಯಿತು, ನಿಂತಿತು, ನೆಗೆಯಿತು, ಕೊನೆಗೆ ಓಡಿತು. ಸೊಸೆ ಮಂಜಿನೊಳಗೆ ಸುತ್ತು ಹೊಡೆಯುತ್ತಿದ್ದಳು. ಕೆಂಪು ಟ್ಯಾಂಕು ಒಮ್ಮೆ ಕಾಣುತ್ತಿತ್ತು, ಒಮ್ಮೆ ಕರಗುತ್ತಿತ್ತು. ದಂಡೆಯ ಕಂಬಕ್ಕೆ ಒರಗಿಕೊಂಡು ಅತ್ತೆ ಹೊಳೆ ನೋಡುತ್ತಿದ್ದರು. ಮಾವ ಗಡಿಯಾರ ನೋಡುತ್ತಿದ್ದರು. ತನಗೆ ಈ ಜಾಗ ಕನಸಿನಲ್ಲಿ ಬರಲು ಶುರುವಾಗಿದೆ ಅಂತ ಸೊಸೆ ಹೇಳಿದಾಗ ಅತ್ತೆ, “ನನಗೆ ಇದು ಬಿಟ್ರೆ ಬೇರೆ ಜಾಗ ಕನಸಲ್ಲಿ ಬಂದೇ ಇಲ್ಲ,” ಅಂದರು. “ಅಪ್ಪ ಕೂಗ್ತಾ ಇರ್ತಾನೆ. ನಾನು ಓಡಿಬಂದು ದೋಣಿ ಹತ್ತಬೇಕು. ಅಷ್ಟರಲ್ಲಿ ಎಚ್ಚರ ಆಗುತ್ತೆ.”

ಜಗಳವಾದದ್ದು ತಿರುವಿನ ಪಾಠದ ದಿನ. ಗಾಜಿನವನು ಇಟ್ಟಿಗೆಗಳನ್ನು ಬಿಲ್ಲಿನ ಆಕಾರದಲ್ಲಿ ಇಡಿಸಿದ್ದ. ಸೊಸೆ ಪ್ರತಿ ಸಲವೂ ಜೋರಾಗಿ ಒಳಹೊಕ್ಕು, ತಿರುವಿನ ನಡುವೆ ಹೆದರಿ ಬ್ರೇಕು ಒತ್ತುತ್ತಿದ್ದಳು.

“ಒಳಗೆ ಹೋಗೋ ಮೊದಲು ನಿಧಾನ ಮಾಡು! ವಾಲಿದಾಗ ಬ್ರೇಕ್ ಹಿಡೀಬೇಡ! ಎಷ್ಟು ಸಲ ಬೊಬ್ಬೆ ಹೊಡೀಲಿ?”

ಅವಳು ಬೈಕು ನಿಲ್ಲಿಸಿ ಹೆಲ್ಮೆಟ್ ಕಿತ್ತಳು. “ಇಷ್ಟೆಲ್ಲ ಗೊತ್ತಿದ್ದವರು ಸೇತುವೆ ಹತ್ರ ಯಾಕ್ರೀ ಬಿದ್ರಿ?”

“ಭೇಷ್! ಸರಿಯಾಗಿ ಕೇಳಿದೆ,” ಅಂತ ಮಾವ ತೊಡೆ ತಟ್ಟಿಕೊಂಡರು.

“ಅವನೇನ್ ಹೇಳ್ತಾನೆ, ಹಾರಿಸ್ಕೊಂಡು ಹೋಗಿದ್ದು,” ಅಂದರು ಅತ್ತೆ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.

ಗಾಜಿನವನ ಮುಖದಲ್ಲಿ ಏನೋ ಬಂದು ಹೋಯಿತು. ಬಾಯಿ ತೆರೆದ. ಅಮ್ಮನ ಕಡೆ ನೋಡಿದ. ಹೊಳೆಯ ಕಡೆ ತಿರುಗಿದ. “ಇನ್ನೊಂದು ಸುತ್ತು ಹೊಡಿ,” ಅಂದ, ಅಷ್ಟೆ.

ಮನೆಗೆ ಬಂದ ಮೇಲೂ ಅದು ಸೊಸೆಯ ತಲೆಯಿಂದ ಹೋಗಲಿಲ್ಲ. ಬಾಗಿಲ ಹಿಂದೆ ಅವನ ಹಳೇ ರಗ್ಗು ಮಡಿಸಿಟ್ಟಿತ್ತು. ಅದರೊಳಗೆ ಗಾಜು ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ವರ್ಷಗಟ್ಟಲೆ ತಿರುಗಿದ್ದ ಮನುಷ್ಯ. ಕಿಟಕಿಯ ಗಾಜು, ಮದುವೆ ಮನೆಯ ಕನ್ನಡಿ, ಏನೆಲ್ಲ. ರಗ್ಗು ಬಿಡಿಸಿ ಕೊಡವಿದಳು. ಧೂಳು ಬಿತ್ತು. ಒಂದು ಚೂರು ಗಾಜು ಬೀಳಲಿಲ್ಲ. ಗಾಜು ಹೊತ್ತು ಹಾರಿಸಿಕೊಂಡು ಹೋಗುವವರು ಇದ್ದಾರಾ? ಅವಳು ರಗ್ಗನ್ನು ಮತ್ತೆ ಮಡಿಸಿಟ್ಟಳು.

ಪರೀಕ್ಷೆ ಪಾಸಾಯಿತು, ಲೈಸೆನ್ಸು ಬಂತು, ಮಾವನೂ ಪೇಟೆಯ ರಸ್ತೆಯವರೆಗೆ ಒಪ್ಪಿದರು. ಪೇಟೆಯ ರಸ್ತೆಯಲ್ಲಿ ಸೊಸೆ ಮುಂದೆ, ಆಟೋದಲ್ಲಿ ಗಂಡ ಹಿಂದೆ, ಹೀಗೆ ಕೆಲವು ದಿನ ಓಡಾಡಿದರು. ಆಟೋದೊಳಗಿಂದ ಅವನ ಬೊಬ್ಬೆಗೆ ಬೀದಿಯವರೆಲ್ಲ ಬ್ರೇಕು ಹಿಡಿಯುತ್ತಿದ್ದರಂತೆ. ಮೇಡಂ ಮೊದಲ ದಿನದ ಕೆಲಸ ಕೊಟ್ಟರು. ಬರುವ ಸೋಮವಾರ, ಆಚೆ ದಡದಲ್ಲಿ ಮೊದಲ ಮನೆ. ಯಾರದ್ದು ಅಂತೀರಿ? ದೊಡ್ಡಮ್ಮನದ್ದೇ. ಅತ್ತೆಯ ಸ್ವಂತ ಅಕ್ಕ. ಹಾಸಿಗೆ ಹಿಡಿದು ತಿಂಗಳಾಗಿತ್ತು. ಸೂಜಿ ಕಂಡರೆ ಚೀರುವ ಹೆಂಗಸು.

ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಟ್ಟರು. “ನಾನು ಪಕ್ಕದಲ್ಲಿ ಇಲ್ದಿದ್ರೆ ಅವಳು ಕೈ ಕೊಡಲ್ಲ. ನಾನೂ ಬರ್ತೀನಿ. ಹಿಂದೆ ಕೂತು ಗಾಡೀನೂ ಹಿಡ್ಕೊಂಡಂಗೆ ಆಯ್ತು. ಹೊಸಬಳು, ಒಬ್ಬಳೇ ಆ ತಿರುವು ಹತ್ತೋದು ಬೇಡ.”

“ಬೇಡ!” ಅಂದ ಗಾಜಿನವನು. ಎಷ್ಟು ಜೋರಾಗಿ ಅಂದರೆ ನೀರಿನ ಲೋಟ ಉರುಳಿತು.

“ಯಾಕೋ?”

“ಅವಳಿಗೆ ಹಿಂದೆ ಆಳು ಕೂರಿಸಿ ಅಭ್ಯಾಸ ಇಲ್ಲಮ್ಮ. ನೀನು ಆಟೋದಲ್ಲಿ ಬಾ.”

“ಅಭ್ಯಾಸ ಇಲ್ದಿದ್ರೆ ಮಾಡಿಸು. ನಾಳೆ ಬಯಲಲ್ಲಿ ಕೂರ್ತೀನಿ.”

ಮಾವ ಸೊಂಟದ ಗೊಂಚಲು ಮುಟ್ಟಿಕೊಂಡರು. “ಅದೇ ಸರಿ. ಹಿಂದೆ ಆಳು ಕೂರಿಸಿ ಬಯಲಲ್ಲಿ ಸರಿಯಾಗಿ ಹೊಡೆದು ತೋರಿಸಿದ್ರೆ ಸೋಮವಾರ ಕೀಲಿ ಕೊಡ್ತೀನಿ. ಇಲ್ದಿದ್ರೆ ಗಿರಾಕಿ ಬಂದು ನೋಡ್ಕೊಂಡು ಹೋಗಿದ್ದಾನೆ, ಕೊಟ್ಟುಬಿಡ್ತೀನಿ.”

ಮರುದಿನ ಮಂಜು ದಟ್ಟವಾಗಿತ್ತು. ಅತ್ತೆಯ ತಲೆಗೆ ಹೆಲ್ಮೆಟ್ ತೊಡಿಸಿದಾಗ ಮಾವ, “ಕುಕ್ಕರ್ ಇಟ್ಟಂಗಿದೆ, ಯಾವಾಗ ಕೂಗುತ್ತೋ,” ಅಂದರು. ಅತ್ತೆ ನಿಜವಾಗಿಯೂ ಕೂಗಿದರು. ಬೈಕು ಹೊರಟಿತು. ನೇರ ದಾರಿಯಲ್ಲಿ ಏನೂ ತೊಂದರೆಯಿಲ್ಲ. ಬೆನ್ನಿಗೆ ಅತ್ತೆಯ ಬಿಸಿ, ಹೆಗಲ ಮೇಲೆ ಅತ್ತೆಯ ಕೈ. ಸೊಸೆ ಇಟ್ಟಿಗೆಯ ತಿರುವಿಗೆ ಮೊದಲೇ ನಿಧಾನ ಮಾಡಿದಳು, ಹೋಗಬೇಕಾದ ಕಡೆ ನೋಡಿದಳು, ಎಡಕ್ಕೆ ವಾಲಿಸಿದಳು.

ಆಗ ಹಿಂದಿನಿಂದ ಯಾರೋ ಬೈಕನ್ನು ಬಲಕ್ಕೆ ಎಳೆದಂತಾಯಿತು.

ಗಾಡಿ ವಾಲಲೊಲ್ಲದು. ನೆಟ್ಟಗಾಗಿ ಇಟ್ಟಿಗೆಗಳನ್ನು ದಾಟಿ ಹೊಳೆಯ ಕಡೆ ಹೊರಟಿತು. ಮಂಜಿನಾಚೆ ನೀರು ಹೊಳೆಯುವುದು ಕಂಡಿತು. ನೀರು ನೋಡಬೇಡ, ನೀರು ನೋಡಬೇಡ ಅಂದುಕೊಂಡಳು. ಕಂಬದ ಪಕ್ಕದ ಖಾಲಿ ನೆಲ ನೋಡಿದಳು. ಗಾಡಿಯನ್ನು ನೇರ ಮಾಡಿ ಎರಡೂ ಬ್ರೇಕು, ಮೊದಲು ಮೆತ್ತಗೆ, ಆಮೇಲೆ ಗಟ್ಟಿ. ಮುಂದಿನ ಚಕ್ರ ದಂಡೆಯ ಕೆಸರಿಗೆ ಮೂತಿಯಿಟ್ಟು ನಿಂತಿತು. ಯಾರೂ ಬೀಳಲಿಲ್ಲ.

ಬೆನ್ನ ಹಿಂದೆ ಅತ್ತೆಯ ದನಿ, ಹೆಮ್ಮೆಯಿಂದ. “ನೋಡಿದ್ಯಾ? ಗಾಡಿ ಎಡಕ್ಕೆ ಬೀಳ್ತಾ ಇತ್ತು. ನಾನು ಬಲಕ್ಕೆ ಭಾರ ಹಾಕಿ ಹಿಡಿದೆ. ಅದಕ್ಕೇ ಬಚಾವಾದೆ ನೀನು!”

ಸೊಸೆ ಹೆಲ್ಮೆಟ್ಟಿನೊಳಗೇ ಕಲ್ಲಾದಳು. ಅದರೊಳಗಿನ ನಿಶ್ಶಬ್ದದಲ್ಲಿ ಒಂದೊಂದೇ ಮಾತು ಮೇಲೆ ತೇಲಿ ಬಂತು. ಹಿಡಿದೇ ಹಿಡಿದೆ. ಇಷ್ಟು ವರ್ಷ ನಾನು ಹಿಡ್ಕೊಂಡಿದ್ದಕ್ಕೆ. ತಿರುಗಿ ನೋಡಿದಳು. ಗಂಡ ಕುರ್ಚಿಯಿಂದ ಎದ್ದು ಒಂಟಿ ಕಾಲಿನ ಮೇಲೆ ನಿಂತಿದ್ದ, ಊರುಗೋಲು ಎಲ್ಲೋ ಬಿದ್ದಿತ್ತು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಬೇಡ ಅಂತ ಮೆಲ್ಲಗೆ ತಲೆಯಾಡಿಸಿದ.

“ಮುಗೀತು,” ಅಂದರು ಮಾವ. “ಗಿರಾಕಿಗೆ ಹೇಳಿ ಕಳಿಸ್ತೀನಿ.” ಸರಪಳಿ ಹಾಕಿ ಬೀಗ ಜಡಿದರು.

ಮಧ್ಯಾಹ್ನ ಅತ್ತೆ ನಿದ್ದೆ ಹೋಗಿದ್ದಾಗ ಸೊಸೆ ಗಂಡನ ಮುಂದೆ ಸೊಪ್ಪಿನ ಕಟ್ಟು ಹಾಕಿಕೊಂಡು ಕೂತಳು. ಇಬ್ಬರೂ ಬಿಡಿಸತೊಡಗಿದರು.

“ನಿಮಗೆ ಗೊತ್ತಿತ್ತು.”

“ಹ್ಞೂಂ.”

“ಎಷ್ಟು ವರ್ಷದಿಂದ?”

“ಮೊದಲಿಂದ. ಅಮ್ಮ ಆ ಕಡೆ ಭಾರ ಹಾಕಿದಷ್ಟೂ ನಾನು ಈ ಕಡೆ ಹಾಕಿ ಹೊಂದಿಸ್ಕೋತಿದ್ದೆ. ಗಾಜು ಕಟ್ಕೊಂಡಾಗಲೂ ಹಾಗೇ ತಾನೆ, ಒಂದು ಕಡೆ ಭಾರ ಇರುತ್ತೆ. ಆವತ್ತು ಮರಳಿತ್ತು. ಹೊಂದಿಸೋಕೆ ಜಾಗ ಇರಲಿಲ್ಲ.”

“ಊರೆಲ್ಲ ನಿಮ್ಮನ್ನ ಬಯ್ತು. ನಾನೂ ಬಯ್ದೆ. ಒಂದು ಮಾತು ಹೇಳ್ಬಾರದಿತ್ತಾ?”

ಅವನು ಸೊಪ್ಪಿನ ದಂಟು ಮುರಿಯುತ್ತ ಕೂತ. “ಅಷ್ಟು ವರ್ಷ ಮಗನ್ನ ತಾನೇ ಹಿಡ್ಕೊಂಡು ಕಾಪಾಡಿದೆ ಅಂದ್ಕೊಂಡಿದ್ದಾಳೆ ಕಣೇ. ‘ಇಲ್ಲಮ್ಮ, ನೀನೇ ಬೀಳಿಸಿದ್ದು’ ಅಂತ ಹೇಗೆ ಹೇಳ್ಲಿ? ಕಾಲು ಕೂಡ್ಕೊಳ್ಳುತ್ತೆ. ಅದು ಕೂಡ್ಕೊಳ್ಳಲ್ಲ.”

“ನಿಮಗೆ ಹೊಂದಿಸೋಕೆ ಬರುತ್ತೆ. ನನಗೆ ಬರಲ್ಲ. ನಾಳೆ ನಾನು ಆ ತಿರುವಲ್ಲಿ ಅವರನ್ನ ಬೀಳಿಸಿದ್ರೆ?”

ಸೊಪ್ಪು ಬಿಡಿಸಿ ಮುಗಿಯಿತು. ಮುಗಿದ ಮೇಲೂ ಇಬ್ಬರೂ ಖಾಲಿ ದಂಟುಗಳನ್ನೇ ಮುರಿಯುತ್ತಿದ್ದರು.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ಸೊಸೆ ತಟ್ಟೆ ನೋಡುತ್ತಲೇ ಕೇಳಿದಳು. “ಅತ್ತೆ, ದೋಣಿ ಒಂದು ಕಡೆ ವಾಲಿದ್ರೆ ನೀವು ಏನ್ ಮಾಡ್ತಿದ್ರಿ?”

ಹೊಳೆಯ ಮಾತು ಬಂದರೆ ಅತ್ತೆಗೆ ವಯಸ್ಸು ಇಳಿಯುತ್ತಿತ್ತು. “ಏನ್ ಮಾಡೋದು, ಇನ್ನೊಂದು ಕಡೆ ಸರಿಯೋದು! ಗಾಳಿ ಬಂದು ಎಡಕ್ಕೆ ವಾಲ್ತು ಅಂದ್ರೆ ಅಪ್ಪ ಕಣ್ಣಲ್ಲೇ ಹೇಳ್ತಿದ್ದ. ನಾನು ಇಷ್ಟುದ್ದ ಹುಡುಗಿ, ಬಲಕ್ಕೆ ಹಾರಿ ಕೂತ್ಕೋತಿದ್ದೆ. ದೋಣಿ ನೆಟ್ಟಗಾಗ್ತಿತ್ತು. ‘ನನ್ನ ದೋಣಿಯ ಅರ್ಧ ಹುಟ್ಟು ಇವಳೇ’ ಅಂತಿದ್ದ ಅಪ್ಪ.” ಸೌಟು ಹಿಡಿದೇ ಮೈ ಬಲಕ್ಕೆ ವಾಲಿಸಿ ತೋರಿಸಿದರು.

“ಬೈಕು ಹಾಗಲ್ಲ ಅತ್ತೆ,” ಅಂದಳು ಸೊಸೆ. “ಅದು ತಿರುಗಬೇಕು ಅಂದ್ರೆ ವಾಲಲೇಬೇಕು. ಅದು ವಾಲೋದು ಬೀಳೋಕಲ್ಲ.”

ಅತ್ತೆ ವಾಲಿಕೊಂಡೇ ನಿಂತರು. ಸೌಟಿನಿಂದ ಸಾರು ತೊಟ್ಟಿಕ್ಕಿತು, ನೆಲಕ್ಕೆ. ಬೆಳಗಿನ ಕೆಸರು ಕಣ್ಮುಂದೆ ಬಂದಿರಬೇಕು. ದಡ್ಡ ಹೆಂಗಸಲ್ಲ ಅವರು. ಮೆಲ್ಲಗೆ ನೆಟ್ಟಗಾಗಿ ಮಗನ ಕಡೆ ತಿರುಗಿದರು.

“ಆವತ್ತು ನಾನು ವಾಲಿದ್ನಾ?”

“ಮರಳಿತ್ತಮ್ಮ.”

“ಮರಳಿತ್ತು, ನನಗೂ ಗೊತ್ತು. ನಾನು ವಾಲಿದ್ನಾ?”

ಗಾಜಿನವನು ಅನ್ನ ಕಲಸಿದ. ಕಲಸಿದ್ದನ್ನೇ ಕಲಸಿದ. ಬಾಯಿಗಿಡಲಿಲ್ಲ. ಅದೇ ಉತ್ತರವಾಯಿತು. ಮಾವ ಏನೋ ಹೇಳಲು ಹೋಗಿ, ಜೀವಮಾನದಲ್ಲಿ ಮೊದಲ ಸಲ ತಮ್ಮ ಬಾಯಿಗೆ ತಾವೇ ಬೀಗ ಹಾಕಿಕೊಂಡರು.

ಅತ್ತೆ ಅಳಲಿಲ್ಲ. ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು, ಅವನು ಸಾಕು ಅಂದರೂ ಹಾಕಿದರು. ಆಮೇಲೆ ಬಗ್ಗಿ ನೆಲ ಒರೆಸಿದರು. ಸಾರು ಬಿದ್ದ ಜಾಗ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

ಬೆಳಗಾದಾಗ ಸೊಸೆ ಬಾಗಿಲು ತೆರೆದರೆ ಅತ್ತೆ ಹೊರಗೆ ನಿಂತಿದ್ದಾರೆ, ತಲೆಗೆ ಹೆಲ್ಮೆಟ್ಟು, ಪಟ್ಟಿ ಬಿಗಿದಿದೆ. ಮಾವನ ಸೊಂಟದಲ್ಲಿದ್ದ ಗೊಂಚಲು ಅವರ ಕೈಯಲ್ಲಿದೆ. ನಿದ್ದೆಯಲ್ಲಿದ್ದಾಗ ಬಿಚ್ಚಿಕೊಂಡರಂತೆ. ಬೀಗದ ಕೆಲಸದವರ ಸೊಂಟದಿಂದಲೇ!

“ಓಡಿಸೋದು ನಿನಗೆ ಅವನು ಕಲಿಸಿದ. ಕೂರೋದು ನನಗೆ ಯಾರೂ ಕಲಿಸಿಲ್ಲ,” ಅಂದರು. “ಬಾ, ಕಲಿಸು.”

ಅವತ್ತೂ ಮರುದಿನವೂ ಬಯಲಲ್ಲಿ ಪಾಠ ನಡೆಯಿತು. ಗಾಜಿನವನು ಕುರ್ಚಿಯಿಂದ ಅಮ್ಮನಿಗೆ ಹೇಳುತ್ತಿದ್ದ. “ಅಮ್ಮ, ಅವಳ ಸೊಂಟ ಹಿಡ್ಕೋ. ಅವಳು ಯಾವ ಕಡೆ ತಿರುಗ್ತಾಳೋ ಆ ಕಡೆ ಹೆಗಲ ಮೇಲಿಂದ ನೋಡು. ಬೇರೇನೂ ಮಾಡ್ಬೇಡ. ಮೈ ತಾನಾಗಿ ಹೋಗುತ್ತೆ.”

“ಏನೂ ಮಾಡದೇ ಕೂರೋದಾ? ಅದೇ ಕಷ್ಟ ಕಣೋ!”

ಮೊದಮೊದಲು ಮೈ ಕೇಳಲಿಲ್ಲ. ಎಡಕ್ಕೆ ತಿರುಗಿದ ಕೂಡಲೇ ಆ ಹಳೇ ಹುಡುಗಿ ಒಳಗಿಂದ ಬಲಕ್ಕೆ ಹಾರುತ್ತಿದ್ದಳು. ಸೊಸೆ ನಡಿಗೆಯ ವೇಗದಲ್ಲಿ ಸುತ್ತಿದಳು, ಮತ್ತೆ ಸುತ್ತಿದಳು, ಬಯಲಿನ ಮಂಜು ಹರಿದು ಬಿಸಿಲು ಬರುವವರೆಗೆ. ಎಷ್ಟೋ ಸುತ್ತಿನ ಮೇಲೆ ಒಂದು ತಿರುವಿನಲ್ಲಿ ಬೆನ್ನ ಹಿಂದೆ ಯಾರೂ ಇಲ್ಲವೇನೋ ಅನ್ನಿಸಿತು ಅವಳಿಗೆ. ಅಷ್ಟು ಹಗುರ. ಗಾಬರಿಯಾಗಿ ಕೈ ಹಿಂದೆ ಚಾಚಿ ಮುಟ್ಟಿ ನೋಡಿದಳು. ಇದ್ದರು.

“ಹ್ಯಾಂಡಲ್ ಬಿಡಬೇಡ ಕಣೇ!” ಅಂತ ಅತ್ತೆ ಬಯ್ದರು.

ಮಾವ ಗಿರಾಕಿಗೆ ಗಾಡಿ ಕೊಡಲ್ಲ ಅಂತ ಹೇಳಿಕಳಿಸಿದರು, ಸೋಮವಾರ ತಾವೇ ಬೀಗ ತೆಗೆದು, ಸರಪಳಿಯನ್ನು ಸುರುಳಿ ಸುತ್ತಿ ಅಂಗಡಿಗೆ ಒಯ್ದರು, ಮಾರಾಟಕ್ಕೆ. ಗಾಡಿಯ ಕೀಲಿಯನ್ನು ಸೊಸೆಯ ಕೈಗೆ ಹಾಕಿ, “ಜೋಪಾನ,” ಅಂದರು. ಅಷ್ಟು ಚಿಕ್ಕ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಬೈಕಿನ ಪಕ್ಕಕ್ಕೆ ಲ್ಯಾಬಿನ ಡಬ್ಬಿ ಕಟ್ಟಿ ಹೊರಟರು. ಪೇಟೆ ಕಳೆಯಿತು. ಸೇತುವೆಯ ತಿರುವು ಬಂತು. ಯಾರೋ ಮರಳು ಗುಡಿಸಿದ್ದರು, ಆದರೂ ಅಂಚಿನಲ್ಲಿ ಚೂರು ಹೊಳೆಯುತ್ತಿತ್ತು. ಸೊಸೆ ಮೊದಲೇ ನಿಧಾನ ಮಾಡಿದಳು. ಮರಳಿನ ಕಡೆ ನೋಡದೆ ರಸ್ತೆ ಎಲ್ಲಿ ಮೇಲೇರಿ ಆಕಾಶಕ್ಕೆ ಸೇರುತ್ತದೋ ಅಲ್ಲಿ ನೋಡಿದಳು. ವಾಲಿಸಿದಳು. ಅವಳ ಎಡ ಹೆಗಲ ಪಕ್ಕದಲ್ಲಿ ಇನ್ನೊಂದು ಹೆಲ್ಮೆಟ್ಟು ಮೆಲ್ಲಗೆ ಬಂದು ನಿಂತಿತು. ಇಬ್ಬರೂ ಒಂದೇ ಮೈಯಂತೆ ಬಾಗಿದರು, ಒಂದೇ ಮೈಯಂತೆ ಎದ್ದರು. ತಿರುವು ಹಿಂದೆ ಹೋಯಿತು.

ಸೇತುವೆಯ ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ಮಂಜಿನ ಸಂದಿನಲ್ಲಿ ಹೊಳೆ ಹರಿಯುತ್ತಿತ್ತು. ಅತ್ತೆ ಈ ಸೇತುವೆಯನ್ನು ಯಾವತ್ತೂ ಇಷ್ಟಪಟ್ಟವರಲ್ಲ. ಅವರಪ್ಪನ ದೋಣಿಯನ್ನು ನುಂಗಿದ್ದು ಇದೇ. ಯಾವಾಗಲೂ ಕಣ್ಣು ಮುಚ್ಚಿಕೊಂಡೇ ದಾಟುತ್ತಿದ್ದರು. ಇವತ್ತು ಅವರು ಕೆಳಗೆ ನೋಡುತ್ತಿದ್ದಾರೆ ಅಂತ ಸೊಸೆಗೆ ಪಕ್ಕದ ಕನ್ನಡಿಯಲ್ಲಿ ಕಂಡಿತು.

“ಅತ್ತೆ, ಹಿಡ್ಕೊಂಡಿದ್ದೀರಾ?” ಅಂತ ಕೂಗಿದಳು.

ಸೊಂಟ ಬಳಸಿದ್ದ ಕೈಗಳು ಇನ್ನಷ್ಟು ಬಿಗಿದವು.

“ನಿನ್ನ ಹಿಡ್ಕೊಂಡಿದ್ದೀನಿ,” ಅಂದಿತು ಬೆನ್ನ ಹಿಂದಿನ ದನಿ. “ಗಾಡೀನ ಬಿಟ್ಟಿದ್ದೀನಿ.”

ಇಷ್ಟೇ ಕಣ್ರಪ್ಪ. ದೊಡ್ಡಮ್ಮ ಚೀರಿದರಾ ಅಂತ ಕೇಳಬೇಡಿ, ಚೀರಿದರು. ಈಗ ನೀವು ಒಂದು ಕೆಲಸ ಮಾಡಿ. ಇದನ್ನು ಕೇಳಿ ಸುಮ್ಮನೆ ಜೇಬಿಗೆ ಹಾಕಿಕೊಳ್ಳಬೇಡಿ. ಗಾಡಿ ಓಡಿಸುವವರಿಗೆ ಹ್ಯಾಗೂ ಎಲ್ಲರೂ ಬುದ್ಧಿ ಹೇಳುತ್ತಾರೆ. ನಿಮ್ಮ ಗಾಡಿಯ ಹಿಂದೆ ಕೂರುತ್ತಾರಲ್ಲ, ಅಮ್ಮನೋ ಅಕ್ಕನೋ ಹೆಂಡತಿಯೋ ಗಂಡನೋ, ಅವರಿಗೆ ಕಳಿಸಿ. ನಾಳೆ ಅವರನ್ನು ಕೂರಿಸಿಕೊಳ್ಳುವ ಮೊದಲೇ ಕೇಳಿಸಿ.